ತೊರೆದ ಕಿರೀಟ, ಸೇರಿಸಿದ ಯುದ್ಧ: ‘ಪೊನ್ನಿಯಿನ್ ಸೆಲ್ವನ್–2’ ಚಿತ್ರವನ್ನು ಮಾನ್ಯಖೇಟದ ಸೀಮೆಯಿಂದ ನೋಡಿದಾಗ

ಕಾದಂಬರಿಯನ್ನು ಚಲನಚಿತ್ರವಾಗಿಸುವ ಕೆಲಸಕ್ಕೆ ರೂಪಾಂತರವೆಂದೂ, ಒಂದು ಚಿತ್ರದ ಕಥೆಯನ್ನು ಮುಂದಕ್ಕೊಯ್ಯುವ ಎರಡನೆಯ ಚಿತ್ರಕ್ಕೆ ಉತ್ತರಭಾಗವೆಂದೂ ಹೆಸರು. ಇವೆರಡೂ ಒಂದೇ ಕೃತಿಯಲ್ಲಿ ಕೂಡಿದಾಗ ನಿರ್ದೇಶಕ ಮತ್ತು ಪ್ರೇಕ್ಷಕರ ನಡುವೆ ಅಭಿಮಾನಿಯೆಂಬ ಮೂರನೆಯ ಪಕ್ಷವೊಂದು ಬಂದು ನಿಲ್ಲುತ್ತದೆ. ಅಭಿಮಾನಿ ಎಂದರೆ ಇಲ್ಲಿ ನಟನ ಕಟೌಟಿಗೆ ಹಾರ ಹಾಕುವವನಲ್ಲ. ಮೂಲ ಕೃತಿಯನ್ನು ಹಲವು ಸಲ ಓದಿ, ಅದರ ಪಾತ್ರಗಳ ಮುಖ, ದನಿ, ನಡಿಗೆಗಳನ್ನು ಮನಸ್ಸಿನಲ್ಲಿ ಮೊದಲೇ ಕಟ್ಟಿಕೊಂಡು, ಪರದೆಯ ಮೇಲೆ ಬಂದುದನ್ನು ಆ ಕಟ್ಟಡದ ಪಕ್ಕಕ್ಕಿಟ್ಟು ತೂಗುವ ಓದುಗ. ಈ ಓದುಗನ ತಕ್ಕಡಿ ಮೊದಲ ಭಾಗಕ್ಕಿಂತ ಎರಡನೆಯ ಭಾಗದಲ್ಲಿ ಹೆಚ್ಚು ಕಟ್ಟುನಿಟ್ಟಾಗುವುದು ಸಹಜ, ಏಕೆಂದರೆ ಮೊದಲ ಭಾಗ ಪಾತ್ರಗಳನ್ನು ಪರಿಚಯಿಸಿ ಹೊರಟುಹೋದರೆ ನಡೆಯುತ್ತದೆ, ಎರಡನೆಯದು ಕಥೆಯ ಅರ್ಥವೇನೆಂಬುದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಈ ಉಪನ್ಯಾಸ ಅಂಥ ಒಂದು ಚಿತ್ರವನ್ನು ಕುರಿತದ್ದು. ಕಲ್ಕಿ ಎಂಬ ಕಾವ್ಯನಾಮದ ರಾ. ಕೃಷ್ಣಮೂರ್ತಿಯವರ ‘ಪೊನ್ನಿಯಿನ್ ಸೆಲ್ವನ್’ ಕಾದಂಬರಿಯನ್ನು ಮಣಿರತ್ನಂ ಎರಡು ಚಿತ್ರಗಳಾಗಿ ತೆಗೆದರು. ಮೊದಲನೆಯದು 2022ರ ಸೆಪ್ಟೆಂಬರ್ 30ರಂದು, ಎರಡನೆಯದು 2023ರ ಏಪ್ರಿಲ್ 28ರಂದು ಬಿಡುಗಡೆಯಾದವು. ತಮಿಳಿನ ಕಾದಂಬರಿ, ತಮಿಳಿನ ಚಿತ್ರ. ಅದನ್ನು ಕುರಿತು ಸೊಲ್ಲಾಪುರ–ಅಕ್ಕಲಕೋಟ ಸೀಮೆಯ ವಳಸಂಗದಲ್ಲಿ ಕನ್ನಡದಲ್ಲಿ ಮಾತಾಡಲು ಕಾರಣವಿದೆ. ಈ ಉತ್ತರಭಾಗದ ಕಡೆಯಲ್ಲಿ ಚೋಳರು ಯಾರ ಮೇಲೆ ಯುದ್ಧಮಾಡಿ ಗೆಲ್ಲುತ್ತಾರೋ ಆ ಶತ್ರು ಮಾನ್ಯಖೇಟದ ರಾಷ್ಟ್ರಕೂಟ ದೊರೆ ಖೊಟ್ಟಿಗ. ಮಾನ್ಯಖೇಟವೆಂದರೆ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಗಿರುವ ಇಂದಿನ ಮಳಖೇಡ. ಭೀಮೆ–ಸೀನೆಯರ ಈ ಬಯಲು ಅಂದು ಆ ರಾಜಧಾನಿಯ ಆಳ್ವಿಕೆಗೆ ಒಳಪಟ್ಟ ನೆಲ. ಆದ್ದರಿಂದ ಚೆನ್ನೈಯ ಅಭಿಮಾನಿ ಕೇಳದ ಒಂದು ಪ್ರಶ್ನೆಯನ್ನು ವಳಸಂಗದ ಅಭಿಮಾನಿ ಕೇಳಬಲ್ಲ: ಪರದೆಯ ಆ ಬದಿಯಲ್ಲಿ, ಹೆಸರು ಬಿಟ್ಟು ಬೇರೇನೂ ಇಲ್ಲದೆ ನಿಂತ ಸೈನ್ಯ ಯಾರದು, ಅದು ಅಲ್ಲಿಗೆ ಏಕೆ ಬಂದಿತು?

ಕಾದಂಬರಿ ‘ಕಲ್ಕಿ’ ವಾರಪತ್ರಿಕೆಯಲ್ಲಿ 1950ರ ಅಕ್ಟೋಬರಿನಿಂದ 1954ರ ಮೇ ತನಕ ಧಾರಾವಾಹಿಯಾಗಿ ಹರಿದುಬಂದಿತು. ಧಾರಾವಾಹಿಯ ಓದು ಪುಸ್ತಕದ ಓದಿಗಿಂತ ಬೇರೆ ಬಗೆಯದು. ವಾರಕ್ಕೊಂದು ಕಂತು ಓದಿ, ಮುಂದಿನ ಕಂತು ಬರುವವರೆಗೆ ಮನೆಮಂದಿಯೆಲ್ಲ ಊಹೆ ಮಾಡುತ್ತ, ವಾದಿಸುತ್ತ, ಪಾತ್ರಗಳನ್ನು ಬಂಧುಗಳಂತೆ ನೆನೆಯುತ್ತ ಕಳೆಯುವ ಓದು ಅದು. ಮಣಿಯಂ ಎಂಬ ಕಲಾವಿದರ ಚಿತ್ರಗಳು ಪ್ರತಿ ಕಂತಿನ ಜೊತೆಗೆ ಬರುತ್ತಿದ್ದುದರಿಂದ ನಂದಿನಿಯ ತುರುಬು, ರಾಜಕುಮಾರಿ ಕುಂದವೈಯ ನಿಲುವು, ದೂತ ವಂದಿಯದೇವನ ಕುದುರೆ ಇವೆಲ್ಲಕ್ಕೂ ಓದುಗರ ಮನಸ್ಸಿನಲ್ಲಿ ಸಿನಿಮಾಕ್ಕೆ ಏಳು ದಶಕ ಮೊದಲೇ ಒಂದು ಆಕಾರ ಸಿದ್ಧವಾಗಿತ್ತು. ಮುಂದೆ ಪತ್ರಿಕೆಯಲ್ಲಿ ಕಥೆ ಮರಳಿ ಮರಳಿ ಪ್ರಕಟವಾಯಿತು. ತಮಿಳುನಾಡು ಸರ್ಕಾರ ಕಲ್ಕಿಯವರ ಕೃತಿಗಳನ್ನು ರಾಷ್ಟ್ರೀಕರಿಸಿದ ಮೇಲೆ ಅನೇಕ ಪ್ರಕಾಶಕರು ಅಗ್ಗದ ಬೆಲೆಯ ಆವೃತ್ತಿಗಳನ್ನು ತಂದರು. ಐದು ಸಂಪುಟ, ಎರಡು ಸಾವಿರಕ್ಕೂ ಮಿಕ್ಕಿದ ಪುಟ. ಆದರೂ ಅಜ್ಜಿ, ತಾಯಿ, ಮೊಮ್ಮಗಳು ಮೂವರೂ ಓದಿದ ಕೃತಿ. ಎಂ.ಜಿ. ರಾಮಚಂದ್ರನ್ 1958ರಲ್ಲೇ ಅದನ್ನು ಚಿತ್ರಮಾಡಲು ಹೊರಟು ನಿಲ್ಲಿಸಬೇಕಾಯಿತು ಎಂಬುದನ್ನು ನೆನೆದರೆ, ಅಭಿಮಾನಿಗಳು ಕಾದ ಕಾಲ ಎಷ್ಟು ದೀರ್ಘವೆಂದು ತಿಳಿಯುತ್ತದೆ.

ಅದೇ 1954ರಲ್ಲಿ ಇಂಗ್ಲೆಂಡಿನಲ್ಲಿ ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೊದಲ ಎರಡು ಸಂಪುಟಗಳು ಅಚ್ಚಾದವು. ಒಬ್ಬರು ಇಲ್ಲದ ಲೋಕವೊಂದನ್ನು ಭಾಷೆ, ನಕಾಶೆ, ವಂಶಾವಳಿ ಸಮೇತ ಕಟ್ಟಿದರು. ಇನ್ನೊಬ್ಬರು ಇದ್ದು ಹೋದ ಲೋಕವನ್ನು ಕೆಲವೇ ಶಾಸನಗಳ ಆಧಾರದ ಮೇಲೆ ಮತ್ತೆ ಎಬ್ಬಿಸಿದರು. ಮೊದಲನೆಯದಕ್ಕೆ ಫ್ಯಾಂಟಸಿ ಎಂದೂ ಎರಡನೆಯದಕ್ಕೆ ಐತಿಹಾಸಿಕ ರಮ್ಯಕಥೆ ಎಂದೂ ಕರೆಯುವುದು ವಾಡಿಕೆ. ರಮ್ಯಕಥೆಯೆಂದರೆ ಇತಿಹಾಸದ ಹೆಸರುಗಳನ್ನು ಇಟ್ಟುಕೊಂಡು ಸಾಹಸ, ಪ್ರೇಮ, ವೇಷಾಂತರ, ಗುಟ್ಟುಗಳಿಂದ ನಡೆಯುವ ಕಥೆ. ಅಶುಭ ಸೂಚಿಸುವ ಧೂಮಕೇತು, ಭಂಡಾರಕ್ಕೆ ಒಯ್ಯುವ ಸುರಂಗ, ಮೂಕ ರಾಣಿ, ಮುಖ ಒಂದೇ ಆಗಿರುವ ತಾಯಿ–ಮಗಳು ಇವೆಲ್ಲ ಇರುವ ಕಲ್ಕಿಯವರ ಲೋಕ ಫ್ಯಾಂಟಸಿಯ ಗಡಿಯಿಂದ ಬಹಳ ದೂರವೇನಿಲ್ಲ. ನಂದಿನಿ, ಪೂಂಕುಳಲಿ, ಆಳ್ವಾರ್ಕಡಿಯಾನ್ ಅವರು ಕಲ್ಪಿಸಿದ ಪಾತ್ರಗಳೇ. ಎರಡೂ ಕೃತಿಗಳ ಹೊಕ್ಕುಳಲ್ಲಿ ಅಧಿಕಾರವನ್ನು ಕೈಗೆ ಬಂದಾಗಲೂ ಬೇಡವೆನ್ನುವ ಮನುಷ್ಯನಿದ್ದಾನೆ ಎಂಬ ಸಾಮ್ಯ ಮಾತ್ರ ಮುಂದಿನ ಮಾತಿಗೆ ಬಹು ಮುಖ್ಯ.

ಕಾದಂಬರಿಯ ಹೆಸರಿನ ಅರ್ಥ ಪೊನ್ನಿಯ ಮುದ್ದುಮಗ ಎಂದು. ಪೊನ್ನಿಯೆಂದರೆ ಕಾವೇರಿ, ಮಗನೆಂದರೆ ಮುಂದೆ ರಾಜರಾಜನೆಂದು ಪ್ರಸಿದ್ಧನಾದ ಅರುಳ್ಮೊಳಿವರ್ಮ. ಕಥೆ ಆರಂಭವಾಗುವುದು ಆಡಿ ತಿಂಗಳ ಹದಿನೆಂಟನೆಯ ದಿನ, ಹೊಸನೀರಿನ ಹಬ್ಬದಂದು, ವೀರನಾರಾಯಣ ಕೆರೆಯ ಏರಿಯ ಮೇಲೆ. ಕುದುರೆಯ ಮೇಲೆ ಬರುವ ವಂದಿಯದೇವ ಆ ಕೆರೆಯ ವಿಸ್ತಾರ ಕಂಡು ಬೆರಗಾಗುವಾಗ, ಅದನ್ನು ತೋಡಿಸಿದವನು ಚೋಳ ರಾಜಕುಮಾರ ರಾಜಾದಿತ್ಯನೆಂಬುದನ್ನು ಕಲ್ಕಿ ಓದುಗರಿಗೆ ನೆನಪಿಸುತ್ತಾರೆ. ಕನ್ನಡದ ಓದುಗ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಆ ರಾಜಾದಿತ್ಯ ಸತ್ತದ್ದು 949ರಲ್ಲಿ, ಅರಕ್ಕೋಣಂ ಹತ್ತಿರದ ತಕ್ಕೋಲದ ಕಾಳಗದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಸೈನ್ಯದೆದುರು. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ದೇವರೆಂದು ಕರೆಯುತ್ತವೆ. ಗೆದ್ದ ಕೃಷ್ಣನನ್ನು ಅದೇ ನಾಡಿನ ಶಾಸನಗಳು ಕಂಚಿಯನ್ನೂ ತಂಜಾವೂರನ್ನೂ ಕೊಂಡ ಕನ್ನರದೇವನೆಂದು ಕರೆಯುತ್ತವೆ. ಕಾದಂಬರಿಯ ಮೊದಲ ಪುಟದ ನೀರಿನಲ್ಲಿ ಮಾನ್ಯಖೇಟದ ನೆರಳು ಬಿದ್ದಿದೆ ಎಂದರೆ ಅತಿಶಯೋಕ್ತಿಯಲ್ಲ.

ಈ ಕಾಳಗದ ಕನ್ನಡ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ವೀರಗಲ್ಲು. ವೀರಗಲ್ಲೆಂದರೆ ಹೋರಾಡಿ ಮಡಿದವರ ನೆನಪಿಗೆ ಶಿಲ್ಪ ಮತ್ತು ಬರಹ ಕೊರೆದು ನಿಲ್ಲಿಸಿದ ಕಲ್ಲು. ಆತಕೂರಿನ ಕಲ್ಲು ಬಹುಶಃ ಕನ್ನಡದ ಎಲ್ಲ ವೀರಗಲ್ಲುಗಳಲ್ಲಿ ಅತ್ಯಂತ ಮಾನವೀಯವಾದದ್ದು, ಏಕೆಂದರೆ ಅದು ನಿಂತದ್ದು ರಾಜನಿಗಲ್ಲ, ಕಾಳಿ ಎಂಬ ಬೇಟೆನಾಯಿಗೆ. ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವನಂಟನಾದ ಗಂಗರ ಇಮ್ಮಡಿ ಬೂತುಗ. ಅವನ ಕೈಕೆಳಗೆ ಹೋರಾಡಿದವನು ಮಣಲೇರ. ಗೆದ್ದ ಬೂತುಗನಿಗೆ ಕೃಷ್ಣ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನೇ ಬಿಟ್ಟುಕೊಟ್ಟರೆ, ಮೆಚ್ಚಿದ್ದನ್ನು ಬೇಡು ಎಂದಾಗ ಮಣಲೇರ ಬೇಡಿದ್ದು ಒಂದು ನಾಯಿಯನ್ನು. ಆ ನಾಯಿ ಊರ ಬಳಿ ಹಂದಿಯೊಡನೆ ಕಾದಿ, ಎರಡೂ ಸತ್ತಾಗ, ಅವನು ಈ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟು, ಅದನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುವುದೆಂದು ಬರೆಸಿದ. ಯುದ್ಧ, ದಾನ, ಒಲವು, ಸಾವು ಎಲ್ಲವೂ ಒಂದೇ ಕಲ್ಲಿನ ಮೇಲೆ ಇರುವ ಈ ಕಥೆಯನ್ನು ಯಾವ ಚಿತ್ರಕಥೆಗಾರನೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರ.

ಅದೇ ಕಲ್ಲಿನ ಒಂದು ಶಬ್ದದ ಚರಿತ್ರೆ ರೂಪಾಂತರದ ಚರ್ಚೆಗೂ ಉಪಯುಕ್ತವಾದದ್ದು. ಬೂತುಗ ರಾಜಾದಿತ್ಯನನ್ನು ಇರಿದ ಸನ್ನಿವೇಶವನ್ನು ಹೇಳುವ ಮಾತನ್ನು ಆರಂಭದ ವಿದ್ವಾಂಸರು ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದನೆಂದು ಓದಿದ್ದರು. ‘ಬಿಸುಗೆ’ ಎಂದರೆ ಆನೆಯ ಅಂಬಾರಿ, ಆ ಅಂಬಾರಿಯೇ ರಣರಂಗವಾಯಿತೆಂಬುದೇ ಆ ಮಾತಿನ ಅರ್ಥವೆಂದು ಮುಂದಿನ ಓದು ತೋರಿಸಿಕೊಟ್ಟಿತು. ಒಂದು ಶಬ್ದದ ಅರ್ಥ ಬದಲಾದಾಗ ಹೇಡಿಯೆನಿಸಿದ್ದವನು ವೀರನಾದ. ಸಾವಿರ ವರ್ಷದ ಹಿಂದಿನ ಕಲ್ಲನ್ನು ಓದುವಾಗಲೇ ಇಷ್ಟು ಜಾಗರೂಕತೆ ಬೇಕೆಂದಾದರೆ, ಎರಡು ಸಾವಿರ ಪುಟದ ಕಾದಂಬರಿಯನ್ನು ಎರಡು ಮುಕ್ಕಾಲು ತಾಸಿನ ಚಿತ್ರಕ್ಕೆ ಇಳಿಸುವವರ ಹೊಣೆ ಎಷ್ಟಿರಬೇಕು!

ಕಾದಂಬರಿಯ ನಡುಬಿಂದುವಾದ ಕೊಲೆಗೂ ಒಂದು ಕಲ್ಲಿನ ಆಧಾರವಿದೆ. ಅರುಳ್ಮೊಳಿಯ ಅಣ್ಣ ಆದಿತ್ಯ ಕರಿಕಾಲ, ಪಾಂಡ್ಯನ ತಲೆ ಕೊಂಡವನೆಂದು ಬಿರುದು ಪಡೆದ ಯುವರಾಜ, ಪಟ್ಟಕ್ಕೆ ಬರುವ ಮುನ್ನವೇ ಕೊಲೆಯಾದ. ವೀರನಾರಾಯಣ ಕೆರೆಯ ಪಕ್ಕದ ಕಾಟ್ಟುಮನ್ನಾರ್ಕೋಯಿಲಿನ ಉಡೈಯಾರ್ಗುಡಿಯಲ್ಲಿರುವ ಶಾಸನ, ರಾಜರಾಜನ ಆಳ್ವಿಕೆಯ ಆರಂಭದಲ್ಲಿ ಬರೆಸಿದ್ದು, ಸೋಮನ್, ರವಿದಾಸನ್, ಪರಮೇಶ್ವರನ್ ಎಂಬ ದ್ರೋಹಿಗಳನ್ನೂ ಅವರ ನಂಟರ ಆಸ್ತಿ ಮುಟ್ಟುಗೋಲಾದುದನ್ನೂ ಹೇಳುತ್ತದೆ. ಯಾರ ಪ್ರೇರಣೆಯಿಂದ ಕೊಂದರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಮೌನದಲ್ಲಿಯೇ ಕಲ್ಕಿಯವರ ಐದು ಸಂಪುಟಗಳು ಹುಟ್ಟಿಕೊಂಡವು. ಅಣ್ಣ ಸತ್ತ ಮೇಲೆ ಪ್ರಜೆಗಳು ಅರುಳ್ಮೊಳಿಯನ್ನೇ ಪಟ್ಟಕ್ಕೆ ಬಯಸಿದರೂ, ಚಿಕ್ಕಪ್ಪನಿಗೆ ರಾಜ್ಯದ ಆಸೆಯಿರುವವರೆಗೆ ತನಗೆ ಬೇಡವೆಂದು ಅವನು ಬಿಟ್ಟುಕೊಟ್ಟನೆಂಬುದು ತಿರುವಾಲಂಗಾಡು ತಾಮ್ರಪಟಗಳ ಮಾತು. ಹಾಗೆ ಪಟ್ಟವೇರಿದವನು ಮಧುರಾಂತಕನೆಂಬ ಉತ್ತಮಚೋಳ. ರಾಜರಾಜನ ಸರದಿ ಬಂದದ್ದು 985ರಲ್ಲಿ. ಕಾದಂಬರಿಯ ಐದನೆಯ ಸಂಪುಟಕ್ಕೆ ‘ತ್ಯಾಗಶಿಖರ’ವೆಂಬ ಅರ್ಥದ ಹೆಸರಿರುವುದು ಈ ಒಂದು ನಡೆಯಿಂದ.

ಇನ್ನು ಚಿತ್ರದ ಮಾತು. ಎರಡೂ ಭಾಗಗಳ ಚಿತ್ರೀಕರಣ ಒಟ್ಟಿಗೇ ನಡೆಯಿತು. ಹಾಗಾಗಿ ಇದು ಮೊದಲ ಚಿತ್ರ ಗೆದ್ದ ಮೇಲೆ ಲಾಭಕ್ಕಾಗಿ ಹುಟ್ಟಿದ ಉತ್ತರಭಾಗವಲ್ಲ. ಆದರೆ ಹಂಚಿಕೆಯಲ್ಲಿ ಅಸಮತೋಲನವಿದೆ. ಅರುಳ್ಮೊಳಿ ಏರಿದ ಹಡಗು ಕಡಲಿನಲ್ಲಿ ಮುಳುಗುವಲ್ಲಿಗೆ ಮೊದಲ ಭಾಗ ನಿಂತಿತು, ಎಂದರೆ ಐದರಲ್ಲಿ ಎರಡು ಸಂಪುಟಗಳ ಕಥೆಗೆ ಒಂದು ಚಿತ್ರ ಸಂದಿತು. ಉಳಿದ ಮೂರು ಸಂಪುಟಗಳ ಭಾರವೆಲ್ಲ ಎರಡನೆಯದರ ಮೇಲೆ ಬಿತ್ತು. ಆ ಭಾರ ಇಳಿಸಲು ಮಣಿರತ್ನಂ, ಇಳಂಗೋ ಕುಮರವೇಲ್, ಜಯಮೋಹನ್ ಅನೇಕ ಎಳೆಗಳನ್ನು ಕತ್ತರಿಸಿದರು. ಮಣಿಮೇಕಲೈ ಎಂಬ ಕಡಂಬೂರಿನ ಹುಡುಗಿ, ವಂದಿಯದೇವನನ್ನು ಒಲಿದು ಕಡೆಗೆ ಅವನ ಮಡಿಲಲ್ಲಿ ಪ್ರಾಣಬಿಡುವವಳು, ಚಿತ್ರದಲ್ಲಿ ಇಲ್ಲವೇ ಇಲ್ಲ. ಅದಕ್ಕಿಂತ ದೊಡ್ಡ ಕತ್ತರಿ ಬಿದ್ದದ್ದು ಉತ್ತಮಚೋಳನ ಗುಟ್ಟಿಗೆ: ಕಾದಂಬರಿಯಲ್ಲಿ ಹೂ ಕಟ್ಟುತ್ತ ತೇವಾರ ಹಾಡುವ ಸೇಂದನ್ ಅಮುದನ್ ಎಂಬ ಸಾಧುವೇ ನಿಜವಾದ ಮಧುರಾಂತಕನೆಂದು ಬಯಲಾಗಿ, ಅವನು ಸಿಂಹಾಸನವೇರಿ, ದೋಣಿ ನಡೆಸುವ ಪೂಂಕುಳಲಿ ರಾಣಿಯಾಗುತ್ತಾಳೆ, ಚಿತ್ರದಲ್ಲಿ ಪಿತೂರಿಗೆ ಕೈಜೋಡಿಸಿದ ಮಧುರಾಂತಕನೇ ಮನಸ್ಸು ಬದಲಿಸಿ ಅರಸನಾಗುತ್ತಾನೆ.

ಮಣಿಮೇಕಲೈ ಇಲ್ಲದ್ದು ಅಭಿಮಾನಿಗೆ ನೋವು ತರುತ್ತದೆಯಾದರೂ ಕ್ಷಮ್ಯ. ಸೇಂದನ್ ಅಮುದನ್ ಗುಟ್ಟಿನ ಹಿಂದಿರುವ ಮಕ್ಕಳ ಅದಲುಬದಲಿನ ಕಥೆಯೂ ಧಾರಾವಾಹಿಗೆ ಒಪ್ಪುವ ತಂತ್ರ. ಪರದೆಯ ಮೇಲೆ ಅದನ್ನು ಬಿಡಿಸಿ ಹೇಳಲು ಅರ್ಧ ತಾಸಾದರೂ ಬೇಕು. ಕನ್ನಡದ ಓದುಗರಿಗೆ ಇಂಥ ಕತ್ತರಿಯ ಅನುಭವ ಹೊಸದೇನೂ ಅಲ್ಲ. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರಕ್ಕೆ ಬಗ್ಗಿಸಿದಾಗ ಕಾದಂಬರಿಕಾರರಿಗೇ ಸಮಾಧಾನವಾಗಲಿಲ್ಲವೆಂಬುದು ಪ್ರಸಿದ್ಧ. ಆದರೂ ಆ ಚಿತ್ರ ನಾಯಕ ರಾಮಾಚಾರಿಯ ಸಿಟ್ಟಿನ ಜೀವವನ್ನು ಬಿಟ್ಟುಕೊಡಲಿಲ್ಲವಾದ್ದರಿಂದ ಉಳಿಯಿತು. ಎಷ್ಟು ಬಿಟ್ಟರು ಎಂಬುದು ಪ್ರಶ್ನೆಯಲ್ಲ, ಯಾವುದರ ಜೀವ ಉಳಿಸಿದರು ಎಂಬುದು ಪ್ರಶ್ನೆ.

ಆ ದೃಷ್ಟಿಯಿಂದ ಉತ್ತರಭಾಗದ ಸಾಧನೆ ಆದಿತ್ಯ–ನಂದಿನಿಯರ ಕಥೆ. ಕಾದಂಬರಿಯಲ್ಲಿ ಬೇರೆ ಬೇರೆ ಬಾಯಿಗಳಿಂದ ತುಣುಕು ತುಣುಕಾಗಿ ತಿಳಿಯುವ ಬಾಲ್ಯದ ಒಲವನ್ನು ಚಿತ್ರ ತನ್ನ ಆರಂಭಕ್ಕೇ ತಂದು, ಮಾತಿಗಿಂತ ನೋಟಗಳಿಂದ ಹೇಳುತ್ತದೆ. ಅಲ್ಲಿಂದ ಕಡಂಬೂರಿನ ಅರಮನೆಯ ಕಡೆಯ ಭೇಟಿಯವರೆಗೆ ನೇರವಾದ ಒಂದು ದಾರಿ ಬೀಳುತ್ತದೆ. ಕಲ್ಕಿ ಆ ರಾತ್ರಿಯ ದೀಪ ಆರಿಸಿ, ಕೊಂದವರು ಯಾರೆಂಬ ಗುಮಾನಿಯನ್ನು ಹಲವರ ಮೇಲೆ ಹರಡಿಬಿಡುತ್ತಾರೆ, ಏಕೆಂದರೆ ಶಾಸನವೂ ಅಷ್ಟೇ ಹೇಳುತ್ತದೆ. ಮಣಿರತ್ನಂ ಆ ಕತ್ತಲನ್ನು ಬಿಟ್ಟು, ಸಾವನ್ನು ಹುಡುಕಿಕೊಂಡೇ ಬಂದ ಗಂಡು, ಕೊಲ್ಲಲು ಬಂದು ಕೊಲ್ಲಲಾರದ ಹೆಣ್ಣು ಇವರಿಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಪತ್ತೇದಾರಿ ಕುತೂಹಲ ಹೋಯಿತು. ಅದರ ಬದಲಿಗೆ ದುರಂತ ಬಂತು. ವಿಕ್ರಮ್ ಮತ್ತು ಐಶ್ವರ್ಯಾ ರೈ ಆ ದೃಶ್ಯದಲ್ಲಿ ತೋರಿದ ಸಂಯಮ, ರವಿವರ್ಮನ್ ಅವರ ಬೆಳಕು, ಇವು ಮೂಲಕ್ಕೆ ಎರವಾಗಿಯೂ ಮೂಲದ ಮಟ್ಟಕ್ಕೆ ಏರಿದ ಕೆಲಸವೆಂದು ಯಾವ ಕಟ್ಟಾ ಅಭಿಮಾನಿಯೂ ಒಪ್ಪಬೇಕು. ಕಣ್ಣಿಗೆ ಬಟ್ಟೆ ಕಟ್ಟಿದ ವಂದಿಯದೇವನೊಡನೆ ಕುಂದವೈ ಮಾತಾಡುವ ದೃಶ್ಯವೂ ಹಾಗೆಯೇ. ಅಲ್ಲಿ ಕಾರ್ತಿ ಮತ್ತು ತ್ರಿಶಾ ಕಲ್ಕಿಯವರ ಲಘುಹಾಸ್ಯವನ್ನು ಒಂದೆರಡು ನಿಮಿಷದಲ್ಲಿ ಹಿಡಿದುಬಿಡುತ್ತಾರೆ.

ತಪ್ಪು ನಡೆದದ್ದು ಅದರ ನಂತರ. ಕಾದಂಬರಿಯಲ್ಲಿ ಕೊಲೆಯ ಬಳಿಕ ಚೋಳನಾಡು ಒಳಜಗಳದ ಅಂಚಿಗೆ ಬಂದು ನಿಲ್ಲುತ್ತದೆ. ಸೇನೆಗಳು ಕೂಡುತ್ತವೆ, ಕತ್ತಿಗಳು ಒರೆಯಿಂದ ಅರ್ಧ ಹೊರಬರುತ್ತವೆ, ಆದರೆ ದೊಡ್ಡ ಯುದ್ಧ ನಡೆಯುವುದಿಲ್ಲ. ನಡೆಯಬಹುದಾಗಿದ್ದ ಯುದ್ಧವನ್ನು ಅರುಳ್ಮೊಳಿಯ ತ್ಯಾಗ ತಡೆಯುತ್ತದೆ, ಅದೇ ಶಿಖರ. ಚಿತ್ರದಲ್ಲಾದರೋ ಖೊಟ್ಟಿಗನ ಸೈನ್ಯ ಉತ್ತರದಿಂದ ಬರುತ್ತದೆ, ಅತೃಪ್ತರು ಅದರ ಜೊತೆ ಸೇರುತ್ತಾರೆ, ಅರುಳ್ಮೊಳಿ ಎದುರಿಸಿ ಗೆದ್ದು ಬಂದು, ಆ ಮೇಲೆ ಕಿರೀಟವನ್ನು ಮಧುರಾಂತಕನ ತಲೆಯ ಮೇಲಿಡುತ್ತಾನೆ. ಬಾಬು ಆಂಟನಿ ವಹಿಸಿದ ಖೊಟ್ಟಿಗನ ಪಾತ್ರಕ್ಕೆ ಆಕಾರವಿದೆ, ಆಯುಧವಿದೆ, ಆದರೆ ಕಾರಣವಿಲ್ಲ. ತಕ್ಕೋಲದ ಹೆಸರಿನ ಭಾರ ಅವನ ಬೆನ್ನಿಗಿಲ್ಲ, ಮಾನ್ಯಖೇಟದ ಚಿಂತೆ ಅವನ ಹಣೆಯ ಮೇಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ರಾಷ್ಟ್ರಕೂಟರು ಚೋಳರಿಗೆ ಶತ್ರುಗಳೆಂಬುದು ಸುಳ್ಳಲ್ಲ. ತೊಂಡೈನಾಡು ವರ್ಷಗಟ್ಟಲೆ ಕನ್ನರದೇವನ ಕೈಯಲ್ಲಿತ್ತು. ಅರುಳ್ಮೊಳಿಯ ತಂದೆ ಸುಂದರಚೋಳ ಮತ್ತು ಅಣ್ಣ ಆದಿತ್ಯರ ದುಡಿಮೆಯಲ್ಲಿ ಹೆಚ್ಚಿನ ಪಾಲು ಅದನ್ನು ಮರಳಿ ಪಡೆಯುವುದೇ ಆಗಿತ್ತು. ಕಲ್ಕಿಯವರ ಇನ್ನೊಂದು ಕಾದಂಬರಿ ‘ಶಿವಕಾಮಿಯಿನ್ ಶಪಥಂ’ನಲ್ಲಿ ಬಾದಾಮಿಯ ಪುಲಿಕೇಶಿ ಖಳನಾಗಿ ಬಂದರೆ, ಅದೇ ಅರಸ 1967ರ ಕನ್ನಡ ಚಿತ್ರ ‘ಇಮ್ಮಡಿ ಪುಲಿಕೇಶಿ’ಯಲ್ಲಿ ನಾಯಕನಾದ, ದೇವುಡು ಅವರ ಕಾದಂಬರಿಯಿಂದ ಬಂದ 1975ರ ‘ಮಯೂರ’ದಲ್ಲಿ ಕಂಚಿಯ ಪಲ್ಲವರು ಎದುರಾಳಿಗಳಾದರು. ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಓದಿದರಂತೂ, ಒಂಬತ್ತು ಲಕ್ಷ ಸೈನ್ಯದೊಡನೆ ಬಂದ ಚೋಳರು ಈ ನಾಡನ್ನು ಹೇಗೆ ಸೂರೆಮಾಡಿದರೆಂಬ ಅಳಲು ಕೇಳಿಸುತ್ತದೆ. ಆ ದಂಡು ಬೀಡುಬಿಟ್ಟ ದೋಣೂರು ಸೊಲ್ಲಾಪುರಕ್ಕೆ ನೆರೆಯ ವಿಜಯಪುರ ಜಿಲ್ಲೆಯಲ್ಲಿದೆ. ಒಬ್ಬರ ವೀರ ಇನ್ನೊಬ್ಬರ ಊರು ಸುಟ್ಟವನೆಂಬುದನ್ನು ಎರಡೂ ಕಡೆಯ ಕಲ್ಲುಗಳು ಸಮನಾಗಿಯೇ ಹೇಳುತ್ತವೆ. ಆದ್ದರಿಂದ ಶತ್ರುವಾಗಿ ತೋರಿಸಿದರೆಂಬುದು ದೂರಲ್ಲ. ಶತ್ರುವಿಗೊಂದು ಕಥೆಯಿತ್ತು, ಅದನ್ನು ಹೇಳುವ ಅವಕಾಶ ಬಿಟ್ಟರೆಂಬುದು ದೂರು.

ಆ ಕಥೆ ಎಂಥದೆಂದು ನೋಡಬೇಕು. ಮೂರನೆಯ ಕೃಷ್ಣ 967ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವನು ಅವನ ತಮ್ಮ ಖೊಟ್ಟಿಗ. ಅಣ್ಣ ಕಟ್ಟಿದ ದೊಡ್ಡ ರಾಜ್ಯ ಅವನ ಕೈಯಲ್ಲಿ ಒಂದೊಂದಾಗಿ ಸಡಿಲವಾಯಿತು. ಆದಿತ್ಯ ಕರಿಕಾಲನ ಕೊಲೆಯ ಕಾಲಕ್ಕೆ ಸರಿಸುಮಾರು ಹತ್ತಿರದಲ್ಲೇ, 972ರಲ್ಲಿ, ಮಾಳವದ ಪರಮಾರ ಸೀಯಕ ಮಾನ್ಯಖೇಟಕ್ಕೆ ನುಗ್ಗಿ ನಗರವನ್ನು ಕೊಳ್ಳೆಹೊಡೆದ; ಅದೇ ನಗರದಲ್ಲಿ ಅಪಭ್ರಂಶದ ಮಹಾಕಾವ್ಯ ಬರೆದ ಪುಷ್ಪದಂತ ಆ ಹಾಳನ್ನು ಕಂಡು ಮರುಗಿದ. ಮರುವರ್ಷವೇ ಚಾಲುಕ್ಯ ಇಮ್ಮಡಿ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಮುಗಿಸಿದ. ಎಂದರೆ ಚೋಳನಾಡಿನಲ್ಲಿ ಯುವರಾಜನ ಹೆಣ ಬಿದ್ದ ದಿನಗಳಲ್ಲಿಯೇ ಕಾಗಿಣಾ ದಂಡೆಯ ಅರಮನೆಯೂ ಕುಸಿಯುತ್ತಿತ್ತು. ದಕ್ಷಿಣಾಪಥದ ಎರಡು ಮನೆತನಗಳು ಒಟ್ಟಿಗೆ ನಡುಗಿದ ಆ ಗಳಿಗೆಯನ್ನು ಹಿಡಿದಿದ್ದರೆ, ಚಿತ್ರದ ಕಡೆಯ ಅರ್ಧ ತಾಸು ಬೇರೆಯೇ ಎತ್ತರಕ್ಕೆ ಹೋಗುತ್ತಿತ್ತು. ತನ್ನ ಮನೆಗೇ ಬೆಂಕಿ ಬೀಳಲಿರುವಾಗ ದೂರದ ಕಿರೀಟಕ್ಕೆ ಕೈಚಾಚಿದ ಖೊಟ್ಟಿಗ ಅರುಳ್ಮೊಳಿಯ ತ್ಯಾಗಕ್ಕೆ ಸರಿಯಾದ ಪ್ರತಿಬಿಂಬವಾಗುತ್ತಿದ್ದ.

ಉತ್ತರಭಾಗಗಳಿಗೆ ಯುದ್ಧ ಏಕೆ ಬೇಕಾಗುತ್ತದೆ? ಟೋಲ್ಕಿನ್ ಕಾದಂಬರಿಯ ಎರಡನೆಯ ಚಿತ್ರ ‘ದಿ ಟೂ ಟವರ್ಸ್’ 2002ರಲ್ಲಿ ಬಂದಾಗಲೂ ಇದೇ ನಡೆಯಿತು. ಪುಸ್ತಕದಲ್ಲಿ ಒಂದೇ ಅಧ್ಯಾಯದಲ್ಲಿ ಮುಗಿಯುವ ಹೆಲ್ಮ್ಸ್ ಡೀಪ್ ಕೋಟೆಯ ಕಾಳಗವನ್ನು ನಿರ್ದೇಶಕ ಪೀಟರ್ ಜಾಕ್ಸನ್ ಇಡೀ ಚಿತ್ರದ ಶಿಖರ ಮಾಡಿದರು, ಪುಸ್ತಕದಲ್ಲಿ ಅಲ್ಲಿಗೆ ಬಾರದ ಎಲ್ಫ್ ಸೈನ್ಯವನ್ನೂ ತಂದು ನಿಲ್ಲಿಸಿದರು. ಅದಕ್ಕಿಂತ ಅಭಿಮಾನಿಗಳನ್ನು ಕೆಣಕಿದ್ದು ಫಾರಮಿರ್ ಎಂಬ ದಳಪತಿಯ ಪಾತ್ರ. ಪುಸ್ತಕದಲ್ಲಿ ಸರ್ವಶಕ್ತಿಯ ಉಂಗುರ ಕೈಗೆ ಸಿಗುವಂತಿದ್ದರೂ ಅವನು ತನಗೆ ಬೇಡವೆಂದು ಬಿಟ್ಟುಬಿಡುತ್ತಾನೆ. ಚಿತ್ರದಲ್ಲಿ ಅವನು ಮೊದಲು ಆಸೆಪಟ್ಟು, ಹೊತ್ತೊಯ್ಯಲು ಹೊರಟು, ಯುದ್ಧದ ನಡುವೆ ಪಾಠ ಕಲಿತು ಬಿಡಬೇಕಾಗುತ್ತದೆ. ಬೇಡವೆನ್ನುವ ಮನಸ್ಸನ್ನು ತೆರೆ ನಂಬುವುದಿಲ್ಲ. ಗೆಲ್ಲಬಲ್ಲವನೆಂದು ಮೊದಲು ತೋರಿಸದೆ ಬಿಟ್ಟುಕೊಟ್ಟರೆ ಪ್ರೇಕ್ಷಕ ಅದನ್ನು ಬಲಹೀನತೆಯೆಂದು ತಿಳಿದಾನೆಂಬ ಅಂಜಿಕೆ ಎರಡೂ ಕಡೆ ಒಂದೇ.

ಈ ಅಂಜಿಕೆಗೆ ಕನ್ನಡದಲ್ಲಿ ಸಾವಿರ ವರ್ಷ ಹಿಂದೆಯೇ ಉತ್ತರ ಸಿದ್ಧವಾಗಿತ್ತು, ಅದೂ ರಾಷ್ಟ್ರಕೂಟರ ಕಾಲದಲ್ಲಿಯೇ ಎಂಬುದು ಈ ಉಪನ್ಯಾಸದ ಮುಖ್ಯ ಮಾತು. ಮೂರನೆಯ ಕೃಷ್ಣ ಮಾನ್ಯಖೇಟದಲ್ಲಿ ಆಳುತ್ತಿದ್ದಾಗ, 941ರಲ್ಲಿ, ಅವನ ಸಾಮಂತ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ ‘ಆದಿಪುರಾಣ’ ಬರೆದ. ಅದರಲ್ಲಿ ಚಕ್ರವರ್ತಿ ಭರತನೂ ತಮ್ಮ ಬಾಹುಬಲಿಯೂ ಎದುರಾದಾಗ, ಸೈನ್ಯಗಳು ಕಾದಿ ನಿರಪರಾಧಿಗಳು ಸಾಯಬಾರದೆಂದು ಮಂತ್ರಿಗಳು ತಡೆದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಕಾಳಗಗಳನ್ನು ಗೊತ್ತುಮಾಡುತ್ತಾರೆ. ದೃಷ್ಟಿಯುದ್ಧವೆಂದರೆ ಎವೆಯಿಕ್ಕದೆ ಒಬ್ಬರನ್ನೊಬ್ಬರು ನೋಡುವ ಸ್ಪರ್ಧೆ. ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ, ಗೆದ್ದ ಗಳಿಗೆಯಲ್ಲಿಯೇ ಎಲ್ಲವನ್ನೂ ತೊರೆಯುತ್ತಾನೆ. ಹಾಗಾದರೆ ಮಣಿರತ್ನಂ ಕೂಡ ಗೆಲುವಿನ ನಂತರವೇ ತ್ಯಾಗವನ್ನಿಟ್ಟರಲ್ಲ ಎಂದು ಯಾರಾದರೂ ಕೇಳಬಹುದು. ಪಂಪನಲ್ಲಿ ಬಾಹುಬಲಿ ಗೆದ್ದದ್ದೂ ಅಣ್ಣನನ್ನೇ, ತೊರೆದದ್ದೂ ಅಣ್ಣನಿಂದ ಗೆದ್ದುದನ್ನೇ. ಗೆಲುವು ಮತ್ತು ತ್ಯಾಗಗಳ ನಡುವೆ ಒಂದೇ ನರ ಹರಿಯುತ್ತದೆ, ಗೆದ್ದವನಿಗೆ ತನ್ನ ಗೆಲುವಿನ ಬಗೆಗೇ ನಾಚಿಕೆ ಹುಟ್ಟುತ್ತದೆ. ಚಿತ್ರದ ಅರುಳ್ಮೊಳಿ ಗೆದ್ದದ್ದು ಹೊರಗಿನ ಖೊಟ್ಟಿಗನನ್ನು, ಬಿಟ್ಟುಕೊಟ್ಟದ್ದು ಒಳಗಿನ ಚಿಕ್ಕಪ್ಪನಿಗೆ. ಒಂದಕ್ಕೊಂದು ಸಂಬಂಧವಿಲ್ಲ, ಯುದ್ಧದ ದೃಶ್ಯಗಳನ್ನು ತೆಗೆದುಹಾಕಿದರೂ ಪಟ್ಟಾಭಿಷೇಕದ ದೃಶ್ಯ ಹಾಗೆಯೇ ನಿಲ್ಲುತ್ತದೆ. ಯಾವ ದೃಶ್ಯವನ್ನು ತೆಗೆದರೂ ಕಥೆಗೆ ಏನೂ ಆಗುವುದಿಲ್ಲವೋ ಆ ದೃಶ್ಯ ಕಥೆಯದಲ್ಲ.

ಉತ್ತಮಚೋಳ ಆಳುತ್ತಿದ್ದ ಆ ಬಿಡುವಿನ ವರ್ಷಗಳಲ್ಲೇ, 981ರ ಸುಮಾರಿಗೆ, ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯ ಮೂರ್ತಿ ನಿಲ್ಲಿಸಿದ. ಕಾವೇರಿಯ ಕೆಳದಂಡೆಯಲ್ಲಿ ಒಬ್ಬ ರಾಜಕುಮಾರ ಕಿರೀಟವನ್ನು ಬಿಟ್ಟು ಕಾಯುತ್ತಿದ್ದಾಗ, ಮೇಲಿನ ನಾಡಿನಲ್ಲಿ ಕಿರೀಟ ಬಿಟ್ಟವನೊಬ್ಬ ಐವತ್ತೇಳು ಅಡಿಯ ಕಲ್ಲಾಗಿ ಎದ್ದು ನಿಂತ. ಯಾವುದನ್ನು ಶತ್ರುವಿನ ಲೋಕವೆಂದು ಚಿತ್ರ ಮುಖವಿಲ್ಲದೆ ತೋರಿಸಿತೋ, ತ್ಯಾಗದ ಕಥೆಯನ್ನು ಅದಕ್ಕಿಂತ ಚೆನ್ನಾಗಿ ಬಲ್ಲ ಲೋಕ ಅಂದು ದಕ್ಷಿಣದಲ್ಲಿ ಬೇರೊಂದಿರಲಿಲ್ಲ.

ಚಿತ್ರದೊಳಗೆ ಕನ್ನಡವೇ ಇಲ್ಲವೆಂದೇನೂ ಅಲ್ಲ. ರೋಗಪೀಡಿತ ಸುಂದರಚೋಳನಾಗಿ ಪ್ರಕಾಶ್ ರಾಜ್, ಸೇಡಿನ ರವಿದಾಸನಾಗಿ ಕಿಶೋರ್ ಇದ್ದಾರೆ. ಇಬ್ಬರೂ ಕನ್ನಡನಾಡಿನ ನಟರು, ಇಬ್ಬರದೂ ಮರೆಯಲಾಗದ ಕೆಲಸ. ಸ್ವತಃ ಮಣಿರತ್ನಂ ಅವರ ಮೊದಲ ಚಿತ್ರ 1983ರ ‘ಪಲ್ಲವಿ ಅನುಪಲ್ಲವಿ’, ಕನ್ನಡದ್ದು. ದಶಕಗಳ ಕಾಲ ಕರ್ನಾಟಕದಲ್ಲಿ ಡಬ್ಬಿಂಗ್, ಎಂದರೆ ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂಡಿಸುವ ಪದ್ಧತಿ, ನಡೆಯುತ್ತಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ತೆರೆದು, ಈ ಚಿತ್ರದ ಎರಡೂ ಭಾಗಗಳು ಕನ್ನಡದಲ್ಲಿಯೂ ಬಂದವು. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿನಿಮಾ ಟಾಕೀಜಿನಲ್ಲಿ ಹಿಂದಿ ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ಈ ಸೀಮೆಯ ಮಕ್ಕಳಿಗೆ ಇಂಥ ಕಥೆಯನ್ನು ಮನೆಮಾತಿನಲ್ಲಿ ಕೇಳುವ ಅವಕಾಶ ಸಣ್ಣದಲ್ಲ. ಭೀಮಾ–ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ 1018ರ ಹಳೆಯ ಮರಾಠಿ ಬರಹವೂ ಇದೆ, ಸುತ್ತಣ ಊರುಗಳಲ್ಲಿ ಕನ್ನಡ ಶಾಸನಗಳೂ ಇವೆ. ಶ್ರೀನಿವಾಸ ರಿತ್ತಿ ಮತ್ತು ಸೊಲ್ಲಾಪುರದ ಆನಂದ ಕುಂಭಾರ ಅವನ್ನು ಓದಿ ಗ್ರಂಥವಾಗಿ ತಂದಿದ್ದಾರೆ. ಶಿವಶರಣ ಸಿದ್ಧರಾಮನ ಕಥೆಯನ್ನು ಕಾವ್ಯವಾಗಿ ಬರೆದ ಜಯದೇವಿತಾಯಿ ಲಿಗಾಡೆ ಇದೇ ಸೊಲ್ಲಾಪುರದವರು. ಮಾನ್ಯಖೇಟದ ಕಡೆಯ ಐದು ವರ್ಷಗಳನ್ನು ಕಥೆಯಾಗಿ ಹೇಳಲು ಬೇಕಾದ ಕಲ್ಲು, ನೆಲ, ನುಡಿ ಮೂರೂ ಈ ಕಡೆ ಇವೆ.

ಆದ್ದರಿಂದ ಈ ಸೀಮೆಯ ಬರೆಯುವ ಕೈಗಳಲ್ಲಿ ಒಂದು ವಿನಂತಿ: ಖೊಟ್ಟಿಗನನ್ನು, ಬೂತುಗನನ್ನು, ನಾಯಿಯನ್ನು ಬೇಡಿದ ಮಣಲೇರನನ್ನು, ಸುಟ್ಟ ನಗರ ನೋಡಿ ಮರುಗಿದ ಪುಷ್ಪದಂತನನ್ನು ಮುಖವಿರುವ ಮನುಷ್ಯರನ್ನಾಗಿ ಕನ್ನಡದಲ್ಲಿ ಬರೆಯಬೇಕು, ಅದೂ ಕಲ್ಕಿಯವರಂತೆ ವಾರವಾರ ಕಾಯಿಸುವ ಹಾಗೆ ಬರೆಯಬೇಕು. ಚಿತ್ರ ನೋಡಿ ಮೆಚ್ಚಿದ ಮಕ್ಕಳನ್ನು ಶಿಕ್ಷಕರು ಒಮ್ಮೆ ಮಳಖೇಡಕ್ಕೆ ಕರೆದೊಯ್ಯಬೇಕು. ಅಕ್ಕಲಕೋಟ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ, ಕಲಬುರಗಿ ಮತ್ತು ವಾಡಿಯ ಮೇಲೆ ಹೋದರೆ ಆ ಊರು ಸಿಗುತ್ತದೆ; ಕಾಗಿಣಾ ಹರಿಯುತ್ತಿದೆ, ಕೋಟೆಯ ಗೋಡೆಗಳು ಇನ್ನೂ ನಿಂತಿವೆ.